ಕಿವಿಯೇ ಮೀಟರ್: ಪಂಚಾಕ್ಷರಿ ಗವಾಯಿಗಳು

ಹಳೇ ಡ್ರೈವರ್ ತಂದು, ಪ್ಲೈವುಡ್ ಬಾಕ್ಸ್ ಹೊಡೆದು ಸ್ಪೀಕರ್ ಮಾಡಿದವರಿಗೆಲ್ಲ ಗೊತ್ತು, ಮೊದಲ ದಿನ ಹಾಡಿಗಿಂತ ಬಾಕ್ಸಿನ ಗುಂಯ್ ಸದ್ದೇ ಜಾಸ್ತಿ. ತಪ್ಪು ಎಲ್ಲಿದೆ ಅಂತ ಕಣ್ಣಿಗೆ ಕಾಣಲ್ಲ, ಕಿವಿಯೇ ಹುಡುಕಬೇಕು. ಅಂಥ ಕಿವಿಯನ್ನೇ ನಂಬಿ ಬದುಕಿದ, ನೂರಾರು ಮಕ್ಕಳಿಗೂ ಬದುಕು ಕಟ್ಟಿಕೊಟ್ಟ ಒಬ್ಬರು ನಮ್ಮ ಹಾವೇರಿ ಜಿಲ್ಲೆಯವರೇ.

1892ರಲ್ಲಿ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಗದಿಗೆಯ್ಯನಿಗೆ ಕಣ್ಣು ಕಾಣುತ್ತಿರಲಿಲ್ಲ. ಒಡಹುಟ್ಟಿದ ಗುರುಬಸಯ್ಯನಿಗೂ ಅಷ್ಟೇ. ಬಡವರ ಮನೆ. ಆಗ ಅಂಧ ಮಕ್ಕಳ ಮುಂದಿದ್ದ ದಾರಿ ಹೆಚ್ಚಾಗಿ ಭಿಕ್ಷೆಯದೇ. ಹಾನಗಲ್ ಕುಮಾರಸ್ವಾಮಿಗಳು ಇಬ್ಬರಿಗೂ ಆಸರೆಯಾಗಿ ಸಂಗೀತ ಕಲಿಸುವ ವ್ಯವಸ್ಥೆ ಮಾಡಿದರು. ಗದಿಗೆಯ್ಯ ಕರ್ನಾಟಕಿ, ಹಿಂದೂಸ್ತಾನಿ ಎರಡನ್ನೂ ಕಲಿತು ಪಂಚಾಕ್ಷರಿ ಗವಾಯಿ ಆದರು.

ಬರೀ ಕಛೇರಿ ಮಾಡಿಕೊಂಡು ಆರಾಮಾಗಿ ಇರಬಹುದಿತ್ತು. ಇರಲಿಲ್ಲ. ಮದುವೆಯಾಗದೆ, ತಮ್ಮಂಥ ಅಂಧ, ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗುತ್ತ ಪಾಠಶಾಲೆ ನಡೆಸಿದರು. ಕೊನೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅದಕ್ಕೆ ನೆಲೆ ಸಿಕ್ಕಿತು. ಊಟ, ವಸತಿ, ಪಾಠ ಎಲ್ಲ ಭಕ್ತರ ನೆರವಿನಿಂದಲೇ.

ಕಣ್ಣಿಲ್ಲದ ಹುಡುಗ ತಬಲಾ ಶ್ರುತಿ ಮಾಡೋದನ್ನ ಯೋಚಿಸಿ. ಅಂಚಿನ ಸುತ್ತ ಸುತ್ತಿಗೆ ತಟ್ಟುತ್ತ, ಪ್ರತಿ ಏಟಿಗೂ ಕೇಳಿ ನೋಡಬೇಕು. ಬರೀ ಚರ್ಮವಾದರೆ ಸ್ವರ ಕಲಸುಮೇಲೋಗರ. ನಡುವಿನ ಕಪ್ಪು ಕರಣೆಯ ತೂಕ ಅದರ ಕಂಪನಗಳನ್ನು ಒಂದು ಲೆಕ್ಕಕ್ಕೆ ತರುತ್ತದೆ, ಅಂಚಿನ ಚರ್ಮದ ಪಟ್ಟಿ ಬೇಡದ ಸದ್ದನ್ನು ಅಡಗಿಸುತ್ತದೆ. ನಮ್ಮ ವಾದ್ಯಗಳ ಈ ಗುಟ್ಟನ್ನು ಸಿ. ವಿ. ರಾಮನ್ 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವಿವರಿಸಿದರು. ವಾದ್ಯ ಮಾಡುವವರ ಕೈಗೆ, ನುಡಿಸುವವರ ಕಿವಿಗೆ ಅದು ಎಂದೋ ಗೊತ್ತಿತ್ತು.

ನಮ್ಮ ಬಾಕ್ಸಿನ ಕಥೆಯೂ ಇದೇ. ಕೋನಿನ ಹಿಂದಿನಿಂದ ಹೊರಟ ಸದ್ದು ಒಳಗೋಡೆಗೆ ಬಡಿದು ವಾಪಸ್ ಬರುತ್ತೆ. ಒಳಗೆ ಹತ್ತಿ ತುಂಬಿದರೆ ಅದು ಹೀರಿಕೊಳ್ಳುತ್ತೆ, ಅತಿಯಾದರೆ ಹಾಡೇ ಸಪ್ಪೆ. ರೂಮಿನ ಮೂಲೆಗೆ ಇಟ್ಟರೆ ಬೇಸ್ ಉಬ್ಬುತ್ತೆ, ಗೋಡೆಯಿಂದ ಒಂದಡಿ ಮುಂದೆ ತಂದರೆ ಮಾತು ಬಿಡಿಬಿಡಿಯಾಗಿ ಕೇಳುತ್ತೆ. ಎಷ್ಟು ಹತ್ತಿ, ಎಷ್ಟು ದೂರ? ಸೂತ್ರ ಹತ್ತಿರಕ್ಕೆ ಒಯ್ಯುತ್ತೆ, ಕೊನೆಯ ತೀರ್ಪು ಕಿವಿಯದ್ದು.

ಗವಾಯಿಗಳು 1944ರಲ್ಲಿ ತೀರಿಕೊಂಡರು. ಬಸವರಾಜ ರಾಜಗುರು ಅವರ ಶಿಷ್ಯರು. ಆಶ್ರಮದ ಹೊಣೆ ಹೊತ್ತವರು ಇನ್ನೊಬ್ಬ ಶಿಷ್ಯ ಪುಟ್ಟರಾಜ ಗವಾಯಿ. ಅವರೂ ಹಾನಗಲ್ ತಾಲ್ಲೂಕಿನವರೇ, ಅವರಿಗೂ ಕಣ್ಣು ಕಾಣುತ್ತಿರಲಿಲ್ಲ. ಭಿಕ್ಷೆಗೆ ಕೈಯೊಡ್ಡಬೇಕಿದ್ದ ಎಷ್ಟೋ ಮಕ್ಕಳು ಅಲ್ಲಿ ತಂಬೂರಿ, ತಬಲಾ ಹಿಡಿದು ವಿದ್ವಾಂಸರಾದರು.

ಮುಂದಿನ ಸಲ ಸ್ಪೀಕರ್ ಸರಿಮಾಡುವಾಗ ಆ್ಯಪ್ ಪಕ್ಕಕ್ಕಿಡಿ. ಲೈಟ್ ಆರಿಸಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಸುಮ್ಮನೆ ಕೂತು ಕೇಳಿ.