ಬಿರುಗಾಳಿಗೆ ಮುಂಚೆ ಎಚ್ಚರಿಸಿದ ಕಪ್ತಾನ



ವಾರ್ತೆಯ ಕೊನೆಗೆ ಬರುವ ಹವಾಮಾನ ವರದಿಯನ್ನು ನೀವೆಲ್ಲ ಕೇಳಿದ್ದೀರಿ. ಅದು ತಪ್ಪಿದ ದಿನ ನಕ್ಕೂ ಇದ್ದೀರಿ. ಈ ಕೆಲಸಕ್ಕೆ ಬುನಾದಿ ಹಾಕಿದ ಬ್ರಿಟನ್ನಿನ ನೌಕಾಧಿಕಾರಿ ರಾಬರ್ಟ್ ಫಿಟ್ಸ್‌ರಾಯ್ ಅವರೂ ಇಂಥ ನಗುವನ್ನು ಸಾಕಷ್ಟು ಅನುಭವಿಸಿದವರು.

ಅವರು ಜನಿಸಿದ್ದು 1805ರ ಜುಲೈ 5ರಂದು, ಇಂಗ್ಲೆಂಡಿನ ಸಫೋಕ್‌ನಲ್ಲಿ. 23ನೇ ವಯಸ್ಸಿಗೇ ಬೀಗಲ್ ಹಡಗಿನ ಕಪ್ತಾನರಾದರು. 1829ರ ಜನವರಿಯಲ್ಲಿ ದಕ್ಷಿಣ ಅಮೆರಿಕದ ಪ್ಲಾಟಾ ನದೀಮುಖದ ಬಳಿ ವಾಯುಭಾರ ಮಾಪಕದ ಪಾದರಸ ಇಳಿಯಿತು. ಅವರು ಅದಕ್ಕೆ ಬೆಲೆ ಕೊಡಲಿಲ್ಲ. ಹಠಾತ್ತನೆ ಎರಗಿದ ಬಿರುಗಾಳಿಗೆ ನಾವಿಕರು ಬಲಿಯಾದರು. ಆ ತಪ್ಪನ್ನು ಅವರು ಮರೆಯಲೇ ಇಲ್ಲ. ಮುಂದೆ 1831ರಿಂದ 1836ರವರೆಗೆ ಇದೇ ಹಡಗಿನಲ್ಲಿ ಡಾರ್ವಿನ್ನರನ್ನು ಕರೆದುಕೊಂಡು ಲೋಕ ಸುತ್ತಿದರು.

1854ರಲ್ಲಿ ಬ್ರಿಟಿಷ್ ಸರ್ಕಾರದ ಹೊಸ ಹವಾಮಾನ ವಿಭಾಗಕ್ಕೆ ಅವರು ಮುಖ್ಯಸ್ಥರಾದರು. 1859ರ ಅಕ್ಟೋಬರ್ 26ರಂದು ಮೆಲ್ಬರ್ನ್‌ನಿಂದ ಬಂದ ರಾಯಲ್ ಚಾರ್ಟರ್ ಹಡಗು, ಊರು ಇನ್ನೇನು ಸಿಕ್ಕಿತೆನ್ನುವಾಗ ವೇಲ್ಸ್ ಕರಾವಳಿಯ ಬಂಡೆಗಳಿಗೆ ಬಡಿದು ಒಡೆಯಿತು. ಸುಮಾರು 450 ಮಂದಿ ಅಸುನೀಗಿದರು. ಬಿರುಗಾಳಿ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುತ್ತದೆ. ತಂತಿ ಸುದ್ದಿ ಅದಕ್ಕಿಂತ ವೇಗವಾಗಿ ಹೋಗುತ್ತದೆ. ಹಾಗಾದರೆ ಮುಂದಿನ ಬಂದರಿಗೆ ಮೊದಲೇ ಏಕೆ ತಿಳಿಸಬಾರದು? 1861ರ ಫೆಬ್ರವರಿಯಲ್ಲಿ ಈ ಎಚ್ಚರಿಕೆ ಆರಂಭವಾಯಿತು. ತಂತಿ ಬಂದೊಡನೆ ಬಂದರಿನ ಕಂಬಕ್ಕೆ ಶಂಕು ಮತ್ತು ಡೋಲಿನ ಆಕಾರದ ಗುರುತುಗಳನ್ನು ಏರಿಸುತ್ತಿದ್ದರು. ಅದೇ ಆಗಸ್ಟ್ 1ರಿಂದ ಟೈಮ್ಸ್ ಪತ್ರಿಕೆಯಲ್ಲಿ ಮುನ್ಸೂಚನೆಯೂ ಪ್ರಕಟವಾಯಿತು.

ಗೈಬ್‌ನ ಜ್ಞಾನ ಅಲ್ಲಾಹನಿಗೆ ಮಾತ್ರ, ಮಳೆ-ಗಾಳಿಯನ್ನು ಮನುಷ್ಯ ಹೇಳಬಹುದೇ ಎಂದು ನೀವು ಕೇಳಬಹುದು. ಫಿಟ್ಸ್‌ರಾಯ್ ಕೂಡ ತಮ್ಮದು ಭವಿಷ್ಯವಾಣಿಯಲ್ಲ, ಲಕ್ಷಣಗಳನ್ನು ನೋಡಿ ಮಾಡಿದ ಅಂದಾಜು ಎಂದೇ ಸ್ಪಷ್ಟಪಡಿಸಿದ್ದರು. ಆದರೂ ಅಂದಾಜು ತಪ್ಪಿದಾಗಲೆಲ್ಲ ಪತ್ರಿಕೆಗಳು ಗೇಲಿ ಮಾಡಿದವು, ವಿಜ್ಞಾನಿಗಳು ಆಕ್ಷೇಪಿಸಿದರು. ಸಾರ್ವಜನಿಕ ಕೆಲಸಗಳಿಗೆ ಸ್ವಂತ ಹಣ ಸುರಿದು ಅವರ ಆಸ್ತಿಯೂ ಕರಗಿತ್ತು. ಮನೋವ್ಯಾಕುಲತೆಗೆ ಸಿಲುಕಿ 1865ರ ಏಪ್ರಿಲ್ 30ರಂದು ಅವರು ತಮ್ಮ ಕೈಯಾರೆ ಪ್ರಾಣ ಕಳೆದುಕೊಂಡರು. ಜೀವ ಅಲ್ಲಾಹನ ಅಮಾನತ್. ಈ ಅಂತ್ಯ ನಮಗೆ ಮಾದರಿಯಲ್ಲ. ಆದರೆ ಮನಸ್ಸು ನೊಂದವರನ್ನು ಒಂಟಿಯಾಗಿ ಬಿಡಬಾರದೆಂಬ ಪಾಠ ಅದರಲ್ಲಿದೆ.

ಮರುವರ್ಷ ಎಚ್ಚರಿಕೆಗಳನ್ನು ನಿಲ್ಲಿಸಲಾಯಿತು. ಕಡಲಿನವರು ಸುಮ್ಮನಿರಲಿಲ್ಲ, 1867ರಲ್ಲಿ ಅವು ಮರಳಿ ಬಂದವು. 2002ರಲ್ಲಿ ಬ್ರಿಟನ್ ತನ್ನ ಹವಾ ವರದಿಯ ಒಂದು ಸಮುದ್ರ ವಲಯಕ್ಕೆ ಅವರ ಹೆಸರಿಟ್ಟಿತು. ಇಂದು ನಮ್ಮ ಮಂಗಳೂರು, ಮಲ್ಪೆಯ ಮೀನುಗಾರರಿಗೂ ಕಡಲಿಗಿಳಿಯಬೇಡಿ ಎಂಬ ಮುನ್ನೆಚ್ಚರಿಕೆ ತಲುಪುತ್ತದೆ.

ವಿದ್ಯಾರ್ಥಿಗಳೇ, ಮಾಡಿದ ತಪ್ಪನ್ನು ಮರೆಯದೆ ಅದರಿಂದ ಇತರರ ಜೀವ ಉಳಿಸಲು ಕಲಿತವರು ಅವರು. ಪರರಿಗೆ ಉಪಯೋಗವಾಗುವ ಇಲ್ಮ್ ಎಂದರೆ ಇದೇ ಅಲ್ಲವೇ?