ಒಂದು ಪದಕ್ಕಾಗಿ ಬದುಕಿದ ರಾಫೆಲ್ ಲೆಮ್ಕಿನ್

ಟಿವಿಯಲ್ಲಿ, ಪತ್ರಿಕೆಗಳಲ್ಲಿ, ಮೊಬೈಲಿನಲ್ಲಿ ಜನಾಂಗಹತ್ಯೆ ಎಂಬ ಪದ ಈಗ ಪದೇ ಪದೇ ಕಿವಿಗೆ ಬೀಳುತ್ತದೆ. ಕೆಲವರು ನರಮೇಧ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಉರ್ದು ಸುದ್ದಿ ಕೇಳುವಾಗ ನಸ್ಲ್‌ಕುಶಿ ಎಂಬ ಪದ ಬರುತ್ತದೆ. ನಸ್ಲ್ ಎಂದರೆ ವಂಶ, ಕುಶಿ ಎಂದರೆ ಕೊಲ್ಲುವುದು. ಇವೆಲ್ಲ ಜೆನೊಸೈಡ್ ಎಂಬ ಪದದ ರೂಪಗಳು. ಆ ಪದ 1944ಕ್ಕಿಂತ ಮೊದಲು ಯಾವ ಪುಸ್ತಕದಲ್ಲೂ ಅಚ್ಚಾಗಿರಲಿಲ್ಲ. ಅದನ್ನು ಕಟ್ಟಿದವರು ರಾಫೆಲ್ ಲೆಮ್ಕಿನ್ ಎಂಬ ವಕೀಲರು.

ಲೆಮ್ಕಿನ್ 1900ರ ಜೂನ್ 24ರಂದು ಇಂದಿನ ಬೆಲಾರೂಸ್ ದೇಶದ ವೊಲ್ಕೊವಿಸ್ಕ್ ಪಟ್ಟಣದ ಹತ್ತಿರ ಒಂದು ಯಹೂದಿ ರೈತ ಕುಟುಂಬದಲ್ಲಿ ಹುಟ್ಟಿದರು. ಆಗ ಆ ಪ್ರದೇಶ ರಷ್ಯಾ ಸಾಮ್ರಾಜ್ಯದಲ್ಲಿತ್ತು. ತಾಯಿ ಬೆಲ್ಲಾ ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದರು. ರೋಮ್ ದೊರೆ ನೀರೋ ಕ್ರೈಸ್ತರನ್ನು ಸಿಂಹಗಳ ಬಾಯಿಗೆ ಹಾಕಿಸಿದ ಕಥೆಯನ್ನು ಹುಡುಗ ಲೆಮ್ಕಿನ್ ಓದಿದರು. ಅಷ್ಟು ಜನ ನೋಡುತ್ತಿದ್ದರೂ ಯಾರೂ ಯಾಕೆ ತಡೆಯಲಿಲ್ಲ ಎಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ಉಳಿಯಿತು.

ಆ ಪ್ರಶ್ನೆ ದೊಡ್ಡದಾಗಿದ್ದು ಲ್ವೊವ್ ವಿಶ್ವವಿದ್ಯಾಲಯದಲ್ಲಿ. 1921ರ ಮಾರ್ಚ್‌ನಲ್ಲಿ ಸೊಗೊಮೊನ್ ತೆಹ್ಲಿರಿಯನ್ ಎಂಬ ಆರ್ಮೇನಿಯನ್ ಯುವಕ ಬರ್ಲಿನ್ ಬೀದಿಯಲ್ಲಿ ತಲತ್ ಪಾಷಾನನ್ನು ಗುಂಡಿಟ್ಟು ಕೊಂದ. ತಲತ್ ಒಟ್ಟೋಮನ್ ಸರ್ಕಾರದ ಮಂತ್ರಿಯಾಗಿದ್ದವನು. 1915ರಲ್ಲಿ ಆರ್ಮೇನಿಯನ್ ಕ್ರೈಸ್ತರನ್ನು ಊರುಗಳಿಂದ ಹೊರಡಿಸಿ ಮರುಭೂಮಿಯ ಕಡೆಗೆ ನಡೆಸಿದ್ದು ಅವನ ಆಜ್ಞೆಯಿಂದ. ಆಗ ಲಕ್ಷಾಂತರ ಜನ ಸತ್ತರು. ಯುದ್ಧ ಸೋತ ಮೇಲೆ ತಲತ್ ಜರ್ಮನಿಗೆ ಓಡಿಹೋದ. 1919ರಲ್ಲಿ ಇಸ್ತಾಂಬುಲ್‌ನ ಸೈನಿಕ ನ್ಯಾಯಾಲಯ ಅವನ ಗೈರುಹಾಜರಿಯಲ್ಲೇ ಮರಣದಂಡನೆ ವಿಧಿಸಿತ್ತು, ಆದರೆ ಅವನನ್ನು ಹಿಡಿದು ಒಪ್ಪಿಸುವವರು ಇರಲಿಲ್ಲ. ಒಬ್ಬನನ್ನು ಕೊಂದ ತೆಹ್ಲಿರಿಯನ್‌ಗೆ ವಿಚಾರಣೆ ಉಂಟು, ಲಕ್ಷಾಂತರ ಜನರ ಸಾವಿಗೆ ಕಾರಣನಾದವನನ್ನು ಹಿಡಿಯುವ ಅಂತರರಾಷ್ಟ್ರೀಯ ಕಾನೂನು ಇಲ್ಲವೇ ಎಂದು ಲೆಮ್ಕಿನ್ ತಮ್ಮ ಪ್ರೊಫೆಸರರನ್ನು ಕೇಳಿದರು. ಸರ್ಕಾರ ತನ್ನ ಪ್ರಜೆಗಳಿಗೆ ಏನು ಮಾಡಿದರೂ ಬೇರೆ ದೇಶಗಳು ಕೇಳುವಂತಿಲ್ಲ ಎಂಬುದೇ ಆಗಿನ ಕಾನೂನಾಗಿತ್ತು. ಆ ಉತ್ತರವನ್ನು ಲೆಮ್ಕಿನ್ ಒಪ್ಪಲಿಲ್ಲ.

ಇದನ್ನು ಬರೆಯುವಾಗ ನನಗೆ ಸ್ವಲ್ಪ ಹಿಂಜರಿಕೆ ಆಯಿತು. ಅದೇ ಒಟ್ಟೋಮನ್ ಖಿಲಾಫತ್ತಿನ ಉಳಿವಿಗಾಗಿ ನಮ್ಮ ದೇಶದಲ್ಲಿ ಹಿರಿಯರು ಚಳವಳಿ ಮಾಡಿದ್ದರು. ಆದರೆ ಸಾಕ್ಷ್ಯ ನಮ್ಮವರ ವಿರುದ್ಧವೇ ಇದ್ದರೂ ನ್ಯಾಯದ ಪರ ನಿಲ್ಲಬೇಕು ಎಂಬುದು ಕುರ್‌ಆನ್ ಬೋಧನೆ. ಹಾಗೆ ನಿಂತವರು ಆಗಲೂ ಇದ್ದರು. ಅಲೆಪ್ಪೊ ಮತ್ತು ಕೊನ್ಯಾದಲ್ಲಿ ಗವರ್ನರ್ ಆಗಿದ್ದ ಜಲಾಲ್ ಬೇ ಈ ಆಜ್ಞೆಯನ್ನು ವಿರೋಧಿಸಿ ಹುದ್ದೆ ಕಳೆದುಕೊಂಡರು. ಯಹೂದಿಯಾದ ಲೆಮ್ಕಿನ್ ತಮ್ಮ ಕೆಲಸವನ್ನು ಆರಂಭಿಸಿದ್ದು ಕ್ರೈಸ್ತರ ಸಾವಿನ ಪ್ರಶ್ನೆಯಿಂದ ಎಂಬುದನ್ನು ನಾವು ಗಮನಿಸಬೇಕು.

ಮುಂದೆ ಅವರು ವಾರ್ಸಾದಲ್ಲಿ ಸರ್ಕಾರಿ ವಕೀಲರಾದರು. 1933ರಲ್ಲಿ ಮ್ಯಾಡ್ರಿಡ್‌ನಲ್ಲಿ ನಡೆದ ಕಾನೂನು ಸಮ್ಮೇಳನಕ್ಕೆ ಒಂದು ಪ್ರಬಂಧ ಕಳಿಸಿದರು. ಒಂದು ಸಮುದಾಯವನ್ನು ನಾಶ ಮಾಡುವುದನ್ನೂ ಅದರ ಸಂಸ್ಕೃತಿಯನ್ನು ಅಳಿಸುವುದನ್ನೂ ಎಲ್ಲ ದೇಶಗಳು ಅಪರಾಧವೆಂದು ಒಪ್ಪಬೇಕು ಎಂಬುದು ಅದರ ಸಾರ. ಪೋಲೆಂಡ್ ಸರ್ಕಾರ ಅವರನ್ನು ಸಮ್ಮೇಳನಕ್ಕೆ ಹೋಗಲು ಬಿಡಲಿಲ್ಲ. ಮರುವರ್ಷ ಅವರ ಕೆಲಸವೂ ಹೋಯಿತು.

1939ರ ಸೆಪ್ಟೆಂಬರ್‌ನಲ್ಲಿ ಹಿಟ್ಲರ್ ಸೇನೆ ಪೋಲೆಂಡ್ ಮೇಲೆ ಬಿತ್ತು. ಲೆಮ್ಕಿನ್ ವಾರ್ಸಾ ಬಿಟ್ಟು, ಬಾಂಬುಗಳ ನಡುವೆ ಕಾಡುಗಳಲ್ಲಿ ಅಡಗುತ್ತಾ ಊರು ಸೇರಿದರು. ತಂದೆ ತಾಯಿಯನ್ನು ಕೊನೆಯ ಸಲ ನೋಡಿ, ಲಿಥುವೇನಿಯಾ ದಾಟಿ ಸ್ವೀಡನ್ ತಲುಪಿದರು. ಅಲ್ಲಿ ಅವರ ನಿಜವಾದ ಕೆಲಸ ಶುರುವಾಯಿತು. ಜರ್ಮನ್ನರು ತಾವು ಗೆದ್ದ ದೇಶಗಳಲ್ಲಿ ಹೊರಡಿಸಿದ ಆಜ್ಞೆಗಳನ್ನು ಒಂದೊಂದಾಗಿ ಸಂಗ್ರಹಿಸಿದರು. ಯಹೂದಿಗಳು ತೋಳಿಗೆ ಪಟ್ಟಿ ಕಟ್ಟಬೇಕೆಂಬ ಆಜ್ಞೆ, ಆಸ್ತಿ ಜಪ್ತಿಯ ಆಜ್ಞೆ, ಜನಾಂಗ ನೋಡಿ ಪಡಿತರ ಕಡಿಮೆ ಮಾಡುವ ಆಜ್ಞೆ, ಹೀಗೆ. ಬೇರೆ ಬೇರೆಯಾಗಿ ನೋಡಿದರೆ ಅವು ಸಾಮಾನ್ಯ ಸರ್ಕಾರಿ ಕಾಗದಗಳು. ಒಟ್ಟಿಗೆ ಇಟ್ಟರೆ ಒಂದು ಜನಾಂಗವನ್ನೇ ಮುಗಿಸುವ ಯೋಜನೆ ಕಾಣುತ್ತಿತ್ತು. ವೋಚರ್ ಇಲ್ಲದೆ ಲೆಕ್ಕದಲ್ಲಿ ಎಂಟ್ರಿ ಮಾಡಬಾರದು ಎಂದು ನಮಗೆ ಅಕೌಂಟೆನ್ಸಿಯಲ್ಲಿ ಕಲಿಸುತ್ತಾರೆ. ಲೆಮ್ಕಿನ್ ಕೊಲೆಗಾರರ ವೋಚರ್‌ಗಳನ್ನೇ ಜೋಡಿಸಿಟ್ಟರು.

1941ರಲ್ಲಿ ರಷ್ಯಾ, ಜಪಾನ್ ಸುತ್ತಿಕೊಂಡು ಅವರು ಅಮೆರಿಕ ಸೇರಿದರು. ಆ ಕಾಗದಗಳೂ ಜೊತೆಗೆ ಬಂದವು. 1944ರಲ್ಲಿ ಅವು ದೊಡ್ಡ ಪುಸ್ತಕವಾದವು. ಅದರಲ್ಲೇ ಜೆನೊಸೈಡ್ ಪದ ಮೊದಲು ಅಚ್ಚಾಯಿತು. ಗ್ರೀಕ್ ಭಾಷೆಯಲ್ಲಿ ಗೆನೋಸ್ ಎಂದರೆ ಜನಾಂಗ. ಸೈಡ್ ಎಂಬುದು ಲ್ಯಾಟಿನ್ನಿನಲ್ಲಿ ಕೊಲ್ಲು ಎಂಬ ಧಾತುವಿನಿಂದ ಬಂದದ್ದು.

ಯುದ್ಧದ ನಂತರ ನ್ಯೂರೆಂಬರ್ಗ್‌ನಲ್ಲಿ ನಾಜಿ ನಾಯಕರ ವಿಚಾರಣೆ ನಡೆಯಿತು. ಆರೋಪಪಟ್ಟಿಯಲ್ಲಿ ಆ ಪದ ಬಂತು, ಆದರೆ 1946ರ ತೀರ್ಪಿನಲ್ಲಿ ಬರಲಿಲ್ಲ. ತಂದೆ ತಾಯಿ ಸೇರಿ ತಮ್ಮ ಬಂಧುಗಳಲ್ಲಿ 49 ಮಂದಿ ಹತರಾದರು ಎಂಬುದು ಲೆಮ್ಕಿನ್ ಅವರಿಗೆ ತಿಳಿದದ್ದು ಆ ದಿನಗಳಲ್ಲೇ. ಅಣ್ಣ ಎಲಿಯಾಸ್‌ನ ಕುಟುಂಬ ಮಾತ್ರ ಬದುಕಿತ್ತು.

ಅವರು ಕುಸಿದು ಕೂರಲಿಲ್ಲ. ಯಾವ ಹುದ್ದೆಯೂ ಇಲ್ಲದೆ ವಿಶ್ವಸಂಸ್ಥೆಯಲ್ಲಿ ಪ್ರತಿನಿಧಿಗಳ ಹಿಂದೆ ಹಿಂದೆ ಸುತ್ತಿದರು. ಇಲ್ಲಿ ನಮ್ಮ ದೇಶದ ಹೆಸರು ಬರುತ್ತದೆ. 1946ರಲ್ಲಿ ಈ ವಿಷಯದ ನಿರ್ಣಯ ಮಂಡಿಸಿದ ಮೂರು ದೇಶಗಳು ಕ್ಯೂಬಾ, ಪನಾಮಾ ಮತ್ತು ಭಾರತ. ವಿಜಯಲಕ್ಷ್ಮಿ ಪಂಡಿತ್ ನಮ್ಮ ನಿಯೋಗದ ನಾಯಕಿಯಾಗಿದ್ದರು. ಡಿಸೆಂಬರ್ 11ರಂದು ನಿರ್ಣಯ ಅಂಗೀಕಾರವಾದಾಗ ನಮಗೆ ಸ್ವಾತಂತ್ರ್ಯ ಬರಲು ಇನ್ನೂ ಎಂಟು ತಿಂಗಳು ಇತ್ತು.

1948ರ ಡಿಸೆಂಬರ್ 9ರಂದು ಪ್ಯಾರಿಸ್‌ನಲ್ಲಿ ಒಪ್ಪಂದವೂ ಒಂದೂ ವಿರೋಧ ಮತವಿಲ್ಲದೆ ಅಂಗೀಕಾರವಾಯಿತು. ಅದರ ಪ್ರಕಾರ ರಾಷ್ಟ್ರೀಯ, ಜನಾಂಗೀಯ, ವರ್ಣದ ಅಥವಾ ಧಾರ್ಮಿಕ ಗುಂಪೊಂದನ್ನು ಪೂರ್ತಿಯಾಗಿ ಅಥವಾ ಭಾಗಶಃ ನಾಶ ಮಾಡುವ ಉದ್ದೇಶ ಇರಬೇಕು. ಕೃತ್ಯಗಳು ಐದು: ಆ ಗುಂಪಿನವರನ್ನು ಕೊಲ್ಲುವುದು, ದೇಹಕ್ಕೆ ಅಥವಾ ಮನಸ್ಸಿಗೆ ತೀವ್ರ ಹಾನಿ ಮಾಡುವುದು, ಬದುಕಲು ಆಗದ ಪರಿಸ್ಥಿತಿ ಹೇರುವುದು, ಮಕ್ಕಳು ಹುಟ್ಟದಂತೆ ತಡೆಯುವುದು, ಮಕ್ಕಳನ್ನು ಬಲವಂತವಾಗಿ ಬೇರೆ ಗುಂಪಿಗೆ ಸಾಗಿಸುವುದು. ಸತ್ತವರ ಸಂಖ್ಯೆ ಇಷ್ಟೇ ಇರಬೇಕೆಂಬ ನಿಯಮ ಇಲ್ಲ. ಉದ್ದೇಶವನ್ನು ಸಾಬೀತು ಮಾಡುವುದೇ ಕಷ್ಟದ ಕೆಲಸ. ಸಂಸ್ಕೃತಿಯ ನಾಶವನ್ನೂ ಸೇರಿಸಬೇಕೆಂಬುದು ಲೆಮ್ಕಿನ್ ಆಸೆಯಾಗಿತ್ತು. ಪಾಕಿಸ್ತಾನದ ಪ್ರತಿನಿಧಿ ಬೇಗಂ ಶಾಯಿಸ್ತಾ ಇಕ್ರಾಮುಲ್ಲಾ ಕೂಡ ಅದಕ್ಕಾಗಿ ವಾದಿಸಿದರು. ಆದರೆ ಬಹುಮತ ಸಿಗಲಿಲ್ಲ.

ಲೆಮ್ಕಿನ್ ತಪ್ಪೇ ಮಾಡದವರಲ್ಲ. 1951ರಲ್ಲಿ ಅಮೆರಿಕದ ಕಪ್ಪು ಜನರ ಪರವಾಗಿ ಇದೇ ಒಪ್ಪಂದದ ಆಧಾರದಲ್ಲಿ ವಿಶ್ವಸಂಸ್ಥೆಗೆ ಅರ್ಜಿ ಹೋದಾಗ ಅವರು ಅದನ್ನು ವಿರೋಧಿಸಿದರು. ಅಮೆರಿಕ ಒಪ್ಪಂದಕ್ಕೆ ಸೇರಬೇಕೆಂಬುದು ಅವರ ದೊಡ್ಡ ಆಸೆಯಾಗಿತ್ತು. ಎಲ್ಲರಿಗಾಗಿ ಅಳತೆಗೋಲು ಮಾಡಿದವರೇ ಒಂದು ಕಡೆ ಅಳೆಯಲು ಒಪ್ಪಲಿಲ್ಲ. ಅಮೆರಿಕವಾದರೋ ಸೇರಿದ್ದು 1988ರಲ್ಲಿ.

ಕೊನೆಯ ವರ್ಷಗಳಲ್ಲಿ ಅವರ ಬಳಿ ಹಣವೂ ಇರಲಿಲ್ಲ, ಆರೋಗ್ಯವೂ ಇರಲಿಲ್ಲ. ನೊಬೆಲ್ ಶಾಂತಿ ಪ್ರಶಸ್ತಿಗೆ ಹಲವು ಬಾರಿ ಹೆಸರು ಹೋಯಿತು, ಪ್ರಶಸ್ತಿ ಬರಲಿಲ್ಲ. 1959ರ ಆಗಸ್ಟ್ 28ರಂದು ನ್ಯೂಯಾರ್ಕ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅಂತ್ಯಕ್ರಿಯೆಗೆ ಬಂದವರು ಏಳು ಜನ. ಅದರ ಹಿಂದಿನ ದಿನವೇ, ಆಗಸ್ಟ್ 27ರಂದು, ಭಾರತ ಆ ಒಪ್ಪಂದವನ್ನು ಅನುಮೋದಿಸಿತ್ತು.

ಅವರ ಕಾನೂನು ಮೊದಲ ಬಾರಿಗೆ ಅಂತರರಾಷ್ಟ್ರೀಯ ನ್ಯಾಯಮಂಡಳಿಯ ತೀರ್ಪಾಗಿದ್ದು 1998ರಲ್ಲಿ, ರುವಾಂಡಾದ ಅಕಯೇಸು ಎಂಬ ಮೇಯರ್ ವಿರುದ್ಧ. 1995ರ ಜುಲೈನಲ್ಲಿ ಬೋಸ್ನಿಯಾದ ಸ್ರೆಬ್ರೆನಿಟ್ಸಾದಲ್ಲಿ ಸುಮಾರು 8,000 ಮುಸ್ಲಿಂ ಗಂಡಸರು ಮತ್ತು ಹುಡುಗರನ್ನು ಕೊಂದದ್ದು ಜನಾಂಗಹತ್ಯೆ ಎಂದು 2001ರಲ್ಲಿ ಹೇಗ್‌ನ ನ್ಯಾಯಮಂಡಳಿ ಹೇಳಿತು. ಕೊಂದವರು ಶವಗಳನ್ನು ಯಂತ್ರಗಳಿಂದ ಅಗೆದು ಬೇರೆಡೆ ಹೂತಿದ್ದರು. ಆದರೂ ತಜ್ಞರು ಮೂಳೆಗಳನ್ನು ಹುಡುಕಿ ಡಿಎನ್‌ಎ ಪರೀಕ್ಷೆಯಿಂದ ಒಬ್ಬೊಬ್ಬರ ಹೆಸರು ಪತ್ತೆ ಮಾಡಿದರು. ರೊಹಿಂಗ್ಯಾಗಳಿಗಾಗಿ 2019ರಲ್ಲಿ ಗ್ಯಾಂಬಿಯಾ, ಗಾಜಾ ಜನರಿಗಾಗಿ 2023ರಲ್ಲಿ ದಕ್ಷಿಣ ಆಫ್ರಿಕಾ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದದ್ದೂ ಇದೇ ಒಪ್ಪಂದ ಹಿಡಿದುಕೊಂಡು. ಯಹೂದಿ ವಕೀಲರೊಬ್ಬರು ಬರೆಸಿದ ಕಾನೂನು ಇಂದು ಮುಸ್ಲಿಮರಿಗೂ ಆಸರೆಯಾಗಿದೆ.

ಸ್ನೇಹಿತರೇ, ನಾವು ಈ ಪದವನ್ನು ಸ್ಟೇಟಸ್‌ಗೆ ಹಾಕಲು ಒಂದು ನಿಮಿಷ ಸಾಕು. ಲೆಮ್ಕಿನ್ ಅದಕ್ಕಾಗಿ ಇಡೀ ಬದುಕು ಕೊಟ್ಟರು. ಆದ್ದರಿಂದ ಬಳಸುವ ಮೊದಲು ಪುರಾವೆ ಕೇಳೋಣ. ನಮ್ಮವರು ಸತ್ತಾಗ ಮಾತ್ರವಲ್ಲ, ನಮ್ಮವರ ಮೇಲೆ ಆರೋಪ ಬಂದಾಗಲೂ ಕೇಳೋಣ.