ಕತ್ತಲೆಯಲ್ಲಿ ಕಂಡವರು: ವಾಲ್ಟರ್ ಬಾಡೆ

ರಾತ್ರಿ ಕರೆಂಟು ಹೋದರೆ ನಾವೆಲ್ಲ ಬೈಯುತ್ತೇವೆ ಅಲ್ಲವೇ? ನಾನೂ ಬೈಯುತ್ತಿದ್ದೆ. ಆದರೆ ಊರು ಕತ್ತಲಾಗಿದ್ದರಿಂದಲೇ ದೊಡ್ಡ ಸಂಗತಿ ಕಂಡುಹಿಡಿದ ವಿಜ್ಞಾನಿಯೊಬ್ಬರ ಕಥೆಯನ್ನು ನಮ್ಮ ವಿಜ್ಞಾನದ ಮೇಷ್ಟ್ರು ಹೇಳಿದರು. ಅದನ್ನು ನನಗೆ ತಿಳಿದ ಹಾಗೆ ಬರೆದಿದ್ದೇನೆ.

ವಾಲ್ಟರ್ ಬಾಡೆಯವರು 1893ರ ಮಾರ್ಚ್ 24ರಂದು ಜರ್ಮನಿ ದೇಶದಲ್ಲಿ ಜನಿಸಿದರು. ತಂದೆ ಶಾಲಾ ಮಾಸ್ತರರು. ಹುಟ್ಟಿನಿಂದಲೇ ಸೊಂಟದ ತೊಂದರೆ ಇದ್ದುದರಿಂದ ಬಾಡೆಯವರು ಕುಂಟುತ್ತಾ ನಡೆಯುತ್ತಿದ್ದರು. ಆದರೂ ಓದು ಬಿಡಲಿಲ್ಲ. 1919ರಲ್ಲಿ ಡಾಕ್ಟರೇಟ್ ಪಡೆದರು. 1931ರಲ್ಲಿ ಅಮೆರಿಕಕ್ಕೆ ಹೋಗಿ ಮೌಂಟ್ ವಿಲ್ಸನ್ ಬೆಟ್ಟದ ವೀಕ್ಷಣಾಲಯ ಸೇರಿದರು. ಅಲ್ಲಿಯ ದೂರದರ್ಶಕದ ಕನ್ನಡಿ 100 ಅಂಗುಲ ಅಗಲ. ಆಗ ಜಗತ್ತಿಗೇ ಅದು ದೊಡ್ಡದು.

ಎರಡನೇ ಮಹಾಯುದ್ಧದಲ್ಲಿ ಅಮೆರಿಕ, ಜರ್ಮನಿ ಶತ್ರುಗಳಾದವು. ಬಾಡೆಯವರು ಅಮೆರಿಕದ ಪೌರರಾಗಲು ಮಾಡಿಸಿದ್ದ ಕಾಗದ ಮನೆ ಬದಲಾಯಿಸುವಾಗ ಕಳೆದುಹೋಗಿತ್ತು. ಹೀಗಾಗಿ ಅವರು ಶತ್ರು ದೇಶದವರೇ ಆಗಿ ಉಳಿದರು. ರಾತ್ರಿ ಮನೆಯಿಂದ ಹೊರಗೆ ಬರಬಾರದೆಂದು ಕಟ್ಟಪ್ಪಣೆಯಾಯಿತು. ನಕ್ಷತ್ರ ನೋಡುವವರಿಗೆ ಹೀಗಂದರೆ ಹೇಗೆ? ಇದನ್ನು ಕೇಳಿ ನನಗೆ ಬಹಳ ಬೇಜಾರಾಯಿತು. ಕೊನೆಗೆ ಅವರಿಗೆ ಅನುಮತಿ ಸಿಕ್ಕಿತು. ಬೇರೆ ವಿಜ್ಞಾನಿಗಳು ಯುದ್ಧದ ಕೆಲಸಕ್ಕೆ ಹೋಗಿದ್ದರಿಂದ ದೂರದರ್ಶಕ ಹೆಚ್ಚಾಗಿ ಇವರ ಕೈಗೇ ಬಂತು. ಬೆಟ್ಟದ ಕೆಳಗಿನ ಲಾಸ್ ಏಂಜಲೀಸ್ ಪಟ್ಟಣದಲ್ಲಿ ವಿಮಾನ ದಾಳಿಯ ಭಯಕ್ಕೆ ದೀಪಗಳನ್ನು ಆರಿಸುತ್ತಿದ್ದರು. ಆಕಾಶ ಚೆನ್ನಾಗಿ ಕಪ್ಪಾಯಿತು.

1943ರಲ್ಲಿ ಬಾಡೆಯವರು ನೆರೆಯ ಗ್ಯಾಲಕ್ಸಿಯಾದ ಆಂಡ್ರೊಮಿಡಾದ ಕಡೆ ದೂರದರ್ಶಕ ತಿರುಗಿಸಿದರು. ನಮ್ಮವರು ಅದನ್ನು ದೇವಯಾನಿ ಅನ್ನುತ್ತಾರೆ. ಅದರ ನಡುಭಾಗ ಅಲ್ಲಿಯವರೆಗೆ ಬರೀ ಮಂಜಿನಂತೆ ಕಾಣುತ್ತಿತ್ತು. ಕೆಂಪು ಬೆಳಕು ಹಿಡಿಯುವ ಫೋಟೋ ಫಲಕ ಇಟ್ಟು, ಗಂಟೆಗಟ್ಟಲೆ ದೂರದರ್ಶಕ ಅಲುಗದಂತೆ ಕಾದರು. ಆಗ ಅಲ್ಲಿ ಕೆಂಪು ನಕ್ಷತ್ರಗಳು ಒಂದೊಂದಾಗಿ ಕಂಡವು! ಸುತ್ತಲಿನ ಸುರುಳಿಯಲ್ಲಿ ನೀಲಿ ನಕ್ಷತ್ರ, ನಡುವೆ ಕೆಂಪು ನಕ್ಷತ್ರ. ನಕ್ಷತ್ರಗಳಲ್ಲಿ ಎರಡು ಬಗೆ ಇವೆ ಎಂದು ಅವರು 1944ರಲ್ಲಿ ಪ್ರಕಟಿಸಿದರು.

ಇದರಿಂದ ಏನು ಉಪಯೋಗ ಅಂತೀರಾ? ಗ್ಯಾಸ್ ಲೈಟು ಜೋರಾಗಿ ಉರಿದು ಸೀಮೆಎಣ್ಣೆ ಬೇಗ ಖಾಲಿ ಮಾಡುತ್ತದೆ. ಚಿಮಣಿ ಬುಡ್ಡಿ ಸ್ವಲ್ಪ ಎಣ್ಣೆಯಲ್ಲೇ ರಾತ್ರಿಯೆಲ್ಲ ಉರಿಯುತ್ತದೆ. ದೊಡ್ಡ ನೀಲಿ ನಕ್ಷತ್ರ ಗ್ಯಾಸ್ ಲೈಟಿನ ಹಾಗೆ, ಬೇಗ ಮುಗಿಯುತ್ತದೆ. ಒಂದು ಗುಚ್ಛದ ನಕ್ಷತ್ರಗಳು ಹೆಚ್ಚುಕಡಿಮೆ ಒಟ್ಟಿಗೇ ಹುಟ್ಟಿರುತ್ತವೆ. ಅದರಲ್ಲಿ ನೀಲಿ ನಕ್ಷತ್ರ ಇನ್ನೂ ಇದ್ದರೆ ಗುಚ್ಛಕ್ಕೆ ಎಳೇ ವಯಸ್ಸು. ನೀಲಿ ಎಲ್ಲ ಮುಗಿದು ಕೆಂಪು ಮಾತ್ರ ಉಳಿದಿದ್ದರೆ ಮುದಿ ವಯಸ್ಸು. ದೇವಯಾನಿಯ ಗುಚ್ಛಗಳ ವಯಸ್ಸನ್ನು ಇಂದು ಲೆಕ್ಕ ಹಾಕುವುದಕ್ಕೂ ಬಣ್ಣವೇ ಮುಖ್ಯ ಆಧಾರ.

ದೇವಯಾನಿ ಆಗ ಎಣಿಸಿದ್ದಕ್ಕಿಂತ ಎರಡರಷ್ಟು ದೂರವಿದೆ ಎಂದು ಬಾಡೆಯವರು 1952ರಲ್ಲಿ ರೋಮ್ ನಗರದ ಸಭೆಯಲ್ಲಿ ತಿಳಿಸಿದರು. ಇದರಿಂದ ವಿಶ್ವದ ವಯಸ್ಸಿನ ಲೆಕ್ಕವೂ ಇಮ್ಮಡಿಯಾಯಿತು. ಬಾಡೆಯವರು 1960ರ ಜೂನ್ 25ರಂದು ಜರ್ಮನಿಯಲ್ಲಿ ತೀರಿಕೊಂಡರು.

ದೀಪಾವಳಿ ಅಮಾವಾಸ್ಯೆಯ ಮಾರನೇ ದಿನ ರಾತ್ರಿ ಕರೆಂಟು ಹೋಯಿತು. ನಾನು ಬೈಯಲಿಲ್ಲ. ಮೇಷ್ಟ್ರು ಹೇಳಿಕೊಟ್ಟಂತೆ ಉತ್ತರದ ಕಡೆ ಮೇಲೆ ನೋಡಿದೆ. ಚೂರು ಹತ್ತಿ ಅಂಟಿಸಿದ ಹಾಗೆ ದೇವಯಾನಿ ಕಾಣಿಸಿತು. ಆ ಬೆಳಕು ಅಲ್ಲಿಂದ ಹೊರಟು ಸುಮಾರು 25 ಲಕ್ಷ ವರ್ಷ ಆಯಿತಂತೆ! ಮುಂದಿನ ಸಲ ಕರೆಂಟು ಹೋದಾಗ ನೀವೂ ಅಂಗಳಕ್ಕೆ ಬಂದು ನೋಡಿ.

– 7ನೇ ತರಗತಿ ವಿದ್ಯಾರ್ಥಿನಿ